ಬಿಟಿ-ಸಿಟಿ ನಾರ್ಮಲ್ ಅಂತ ನಿಶ್ಚಿಂತೆಯಿಂದ ಇರಬೇಡಿ

ಆಪರೇಷನ್‌ಗೆ ಮುಂಚೆ ಬೆರಳು ಚುಚ್ಚಿ, ಫಿಲ್ಟರ್ ಪೇಪರ್‌ಗೆ ರಕ್ತ ಒತ್ತಿ ಒತ್ತಿ ತೆಗೆದು, ‘ಬಿಟಿ, ಸಿಟಿ ನಾರ್ಮಲ್’ (ರಕ್ತ ಒಸರುವುದು ನಿಲ್ಲಲು, ಹೆಪ್ಪುಗಟ್ಟಲು ಹಿಡಿಯುವ ಸಮಯ ಸರಿ ಇದೆ) ಎಂದು ಬರೆದುಕೊಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಚೀಟಿಯನ್ನು ನಂಬಿ ಕೂರಬಾರದು. ಸೌಮ್ಯ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ವಂಶವಾಹಿ ಕಾಯಿಲೆ) ಇದ್ದವರಲ್ಲೂ ಎರಡೂ ಸರಿಯಾಗೇ ಬರಬಹುದು.

ವೈದ್ಯರು ರೋಗಿಯನ್ನು ಕೇಳಬೇಕಾದ್ದು ಬೇರೆ. ಹಲ್ಲು ಕೀಳಿಸಿದಾಗ ರಾತ್ರಿಯೆಲ್ಲ ರಕ್ತ ಒಸರಿತ್ತಾ? ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ಬೇಕಾಗುತ್ತಾ? ಸೋದರಮಾವಂದಿರಲ್ಲಿ ಯಾರಿಗಾದರೂ ಗಾಯ ಆದರೆ ರಕ್ತ ನಿಲ್ಲುತ್ತಿರಲಿಲ್ಲವಾ? (ಹಿಮೋಫಿಲಿಯಾ ಹೆಚ್ಚಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ, ಮಾವನ ವಿಚಾರ ಅದಕ್ಕೇ.) ಒಂದಕ್ಕೆ ‘ಹೌದು’ ಅಂದರೂ ಪಿಟಿ, ಎಪಿಟಿಟಿ (ಲ್ಯಾಬಿನಲ್ಲಿ ಹೆಪ್ಪುಗಟ್ಟುವಿಕೆ ಅಳೆಯುವ ಪರೀಕ್ಷೆಗಳು), ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಅವೂ ಸರಿ ಬಂದು ಸಂಶಯ ಉಳಿದರೆ ಹೆಪ್ಪುಗಟ್ಟಿಸುವ ಪ್ರೋಟೀನುಗಳಾದ ಫ್ಯಾಕ್ಟರ್ ಮತ್ತು ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಬೇಕು.

ಮಾತ್ರೆ ಕೇಳಿದರೆ ‘ಬಿಪಿ, ಶುಗರ್‌ದು ಅಷ್ಟೇ ಸಾರ್’ ಅನ್ನುತ್ತಾರೆ. ಸ್ಟ್ರಿಪ್ಪುಗಳನ್ನೇ ತರಿಸಿ ನೋಡಿ, ನಡುವೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಸಿಕ್ಕೀತು. ಅದು ಕೆಡಿಸಿದ ಪ್ಲೇಟ್‌ಲೆಟ್ ಸಾಯುವ ತನಕ ಕೆಟ್ಟೇ ಇರುತ್ತದೆ, ಹೊಸವು ಹುಟ್ಟಿ ಬರಬೇಕು. ಸಾಮಾನ್ಯವಾಗಿ 5 ದಿನ ಮೊದಲೇ ನಿಲ್ಲಿಸುವುದು ಇದಕ್ಕೆ. ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಕೂಡ 5 ದಿನ. ಆಪರೇಷನ್‌ನ ಹಿಂದಿನ ದಿನ ಐಎನ್‌ಆರ್ (ವಾರ್ಫರಿನ್ ಪ್ರಭಾವ ಅಳೆಯುವ ರಕ್ತ ಪರೀಕ್ಷೆ) 1.5ಕ್ಕಿಂತ ಕೆಳಗಿರಬೇಕು. ಆದರೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರನ್ನು ಕೇಳದೆ ಒಂದು ಡೋಸೂ ಬಿಡಬಾರದು. ಸ್ಟೆಂಟ್‌ನೊಳಗೆ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು.

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ನಮ್ಮಲ್ಲಿ ಅನಗತ್ಯ ಜಿಪುಣತನವಿದೆ. ಜಪಾನಿನ ಒಕಾಮೊಟೊ ದಂಪತಿ 1962ರಲ್ಲಿ ಬೆಳಕಿಗೆ ತಂದ ಅಗ್ಗದ ಔಷಧ. ಅದು ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ್ದು ಕರಗದಂತೆ ಕಾಯುತ್ತದೆ. 2022ರ ಪಾಯ್ಸ್-3 ಅಧ್ಯಯನದಲ್ಲಿ ಹೃದಯೇತರ ಶಸ್ತ್ರಚಿಕಿತ್ಸೆಯ 9,535 ಮಂದಿ ಇದ್ದರು. ಶುರುವಿನಲ್ಲಿ 1 ಗ್ರಾಂ, ಮುಗಿಯುವಾಗ 1 ಗ್ರಾಂ ಕೊಟ್ಟಾಗ ಗಂಭೀರ ರಕ್ತಸ್ರಾವ 11.7%ರಿಂದ 9.1%ಗೆ ಇಳಿಯಿತು. 1 ಗ್ರಾಂ ಅನ್ನು 10 ನಿಮಿಷದಲ್ಲಿ ನಿಧಾನವಾಗಿ ಬಿಡಿ. ರಭಸವಾಗಿ ತಳ್ಳಿದರೆ ಬಿಪಿ ಬೀಳುತ್ತದೆ. ದೊಡ್ಡ ಅಪಾಯ ಬೇರೆಯೇ ಇದೆ: ಇದರ ಆಂಪೂಲ್ ಕೆಲವೊಮ್ಮೆ ಬೆನ್ನಿಗೆ ಚುಚ್ಚುವ ಅರಿವಳಿಕೆ ಔಷಧ ಬುಪಿವಕೇನ್‌ನದರಂತೆಯೇ ಕಾಣುತ್ತದೆ. ತಪ್ಪಿ ಇದು ಬೆನ್ನಿಗೆ ಹೋದರೆ ಫಿಟ್ಸ್ ಬಂದು ಸಾವೂ ಆದೀತು. ಬೆನ್ನಿನ ಅರಿವಳಿಕೆಗೆ ಸಿದ್ಧಮಾಡಿದ ಸ್ಪೈನಲ್ ಟ್ರೇ ಹತ್ತಿರ ಇದನ್ನು ಇಡಲೇಬಾರದು.

ಇನ್ನು ‘ಇನ್ನೂರು ಎಂಎಲ್ ಹೋಗಿರಬಹುದು’ ಎನ್ನುವ ಕಣ್ಣಂದಾಜು. ಹೆಚ್ಚು ರಕ್ತ ಹೋದಾಗ ಅದು ಕಡಿಮೆಯೇ ತೋರುತ್ತದೆ. ರಕ್ತ ಹೀರಿದ ಒದ್ದೆ ಮಾಪ್ (ಬಟ್ಟೆ) ತೂಗಿ ಒಣ ಮಾಪಿನ ತೂಕ ಕಳೆಯಿರಿ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಗಾಯದಿಂದ ಹೀರಿದ ದ್ರವ ಸೇರುವ ಸಕ್ಷನ್ ಬಾಟಲಿಯಲ್ಲಿ 900 ಎಂಎಲ್ ಇದ್ದು, ತೊಳೆಯಲು 600 ಸಲೈನ್ ಸುರಿದಿದ್ದರೆ ರಕ್ತ 300. ಮಾಪ್ ತೂಗಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.