ಆ ಮಕ್ಕಳನ್ನು ಯಾಕೆ ಸಾಯಿಸ್ತೀರಿ?

ನಿನ್ನೆ ರಾತ್ರಿ ಮಗಳ ಜೊತೆ ‘ಮೈ ನೇಬರ್ ಟೊಟೊರೊ’ ನೋಡಿದೆ. ಎಷ್ಟನೇ ಸಲವೋ. ಸತ್ಸುಕಿ, ಮೇ ಅನ್ನೋ ಅಕ್ಕತಂಗಿಯರಿಗೆ ಕಾಡಿನಲ್ಲಿ ಟೊಟೊರೊ ಅನ್ನೋ ದೊಡ್ಡ ಜೀವಿ ಸಿಗುವ ಜಪಾನಿನ ಅನಿಮೇಷನ್ ಸಿನಿಮಾ ಅದು. ಅವಳು ಖುಷಿಯಾಗಿ ಮಲಗಿದಳು. ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದಳು. "ಅಮ್ಮಾ, ಮೇ ಸತ್ತುಹೋಗಿರ್ತಾಳಂತೆ, ಹೌದಾ?"

ಗೆಳತಿಯೊಬ್ಬಳು ‘ಅಡಗಿರುವ ಅರ್ಥ’ ಅನ್ನೋ ವಿಡಿಯೋ ಕಳಿಸಿದ್ದಳಂತೆ. ಟೊಟೊರೊ ಸಾವಿನ ದೇವರಂತೆ. ಮೇ ಕಾಣೆಯಾದಾಗ ಕೆರೆಯಲ್ಲಿ ಸಿಕ್ಕ ಚಪ್ಪಲಿ ಅವಳದ್ದೇ ಅಂತೆ. ಕೊನೆಯಲ್ಲಿ ಅಕ್ಕತಂಗಿಯರಿಗೆ ನೆರಳೇ ಇಲ್ಲವಂತೆ, ಅದಕ್ಕೇ ಇಬ್ಬರೂ ಸತ್ತಿದ್ದಾರಂತೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

2007ರಲ್ಲೇ ಈ ಸಿನಿಮಾ ಮಾಡಿದ ಜಿಬ್ಲಿ ಸ್ಟುಡಿಯೋದವರು ಇದೆಲ್ಲ ಸುಳ್ಳು ಅಂತ ಹೇಳಿದ್ದಾರೆ. ನೆರಳು ಅಲ್ಲಿ ಬೇಕಿಲ್ಲ ಅನ್ನಿಸಿತು, ಚಿತ್ರ ಬಿಡಿಸುವವರು ಬಿಟ್ಟರು. ಚಪ್ಪಲಿ ನೋಡಿದ ತಕ್ಷಣ ಸತ್ಸುಕಿಯೇ ‘ಇದು ಮೇಯದ್ದಲ್ಲ’ ಅನ್ನುತ್ತಾಳೆ. ಇಬ್ಬರ ಹೆಸರಿನ ಅರ್ಥವೂ ಮೇ ತಿಂಗಳು ಅಂತ ಈ ಸುಳ್ಳು ಹಬ್ಬಿಸಿದವರು ಅದನ್ನು 1963ರ ಮೇ ತಿಂಗಳಲ್ಲಿ ಜಪಾನಿನಲ್ಲಿ ನಡೆದ ಒಂದು ಕೊಲೆಗೆ ಗಂಟು ಹಾಕಿದ್ದಾರೆ. ನಿಜ ಏನಂದರೆ, ನಿರ್ದೇಶಕ ಮಿಯಾಝಾಕಿ ಮೊದಲು ಯೋಚಿಸಿದ್ದು ಒಬ್ಬಳೇ ಹುಡುಗಿಯನ್ನು. ಆಮೇಲೆ ಅವಳನ್ನೇ ಇಬ್ಬರನ್ನಾಗಿ ಮಾಡಿದರು, ಅದಕ್ಕೇ ಇಬ್ಬರ ಹೆಸರಿಗೂ ಒಂದೇ ಅರ್ಥ.

ನೋಡುವವರಿಗೆ ಅವರವರ ಅರ್ಥ ಹುಡುಕುವ ಹಕ್ಕಿಲ್ಲವಾ ಅಂತೀರಿ. ಇದೆ. ಆದರೆ ಕಣ್ಣೆದುರಿಗೆ ಇರುವುದನ್ನು ಮೊದಲು ನೋಡಬೇಕಲ್ವಾ?

ಸಿನಿಮಾದಲ್ಲಿ ಹುಡುಗಿಯರ ಅಮ್ಮ ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿಂದ ಒಂದು ಟೆಲಿಗ್ರಾಂ ಬರುತ್ತದೆ, ಅಮ್ಮ ಮನೆಗೆ ಬರುವುದು ತಡ ಅಂತ ಗೊತ್ತಾಗುತ್ತದೆ. ಅಷ್ಟು ಹೊತ್ತೂ ದೊಡ್ಡವಳ ಹಾಗೆ ಮನೆ ನಡೆಸಿದ್ದ ಸತ್ಸುಕಿ ಪಕ್ಕದ ಅಜ್ಜಿಯ ಮುಂದೆ ಬಾಯಿಬಿಟ್ಟು ಅಳುತ್ತಾಳೆ. ಅಮ್ಮ ಸತ್ತರೆ ಏನು ಮಾಡಲಿ ಅನ್ನುತ್ತಾಳೆ. ನಾಲ್ಕು ವರ್ಷದ ಮೇ ಅದನ್ನು ನಿಂತು ನೋಡುತ್ತಾಳೆ. ಆಮೇಲೆ ಮುಸುಕಿನ ಜೋಳದ ತೆನೆ ತಬ್ಬಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೊರಡುತ್ತಾಳೆ. ಇಡೀ ಸಿನಿಮಾದ ಭಯ ಇಲ್ಲೇ ಇದೆ. ಮಿಯಾಝಾಕಿಯ ಅಮ್ಮನೂ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದವರು. ಸುಮ್ನೆ ಬಂದ ಕತೆಯಲ್ಲ ಇದು.

ನನಗೆ ಹತ್ತು ವರ್ಷ ಇದ್ದಾಗ ಅಮ್ಮ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ತಂಗಿಗೆ ಜಡೆ ಹಾಕುತ್ತಿದ್ದವಳು ನಾನು. ಬೈತಲೆ ಸೊಟ್ಟ ಆಗುತ್ತಿತ್ತು. ಅವಳು ಒಂದು ದಿನವೂ ದೂರು ಹೇಳಲಿಲ್ಲ, ಅದೇ ನನಗೆ ಜಾಸ್ತಿ ಭಯ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಮೇಯ ಅಮ್ಮ ಸತ್ಸುಕಿಯ ತಲೆ ಬಾಚುವ ದೃಶ್ಯ ಬಂದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಆ ಹುಡುಗಿಯರು ಬದುಕಿದ್ದಾರೆ. ನಾವೂ ಬದುಕಿದ್ದೇವೆ. ಅಮ್ಮ ಮನೆಗೆ ಬಂದರು.

ಕೊನೆಯಲ್ಲಿ ಮಕ್ಕಳು ಅಮ್ಮನ ಹತ್ತಿರ ಹೋಗುವುದೇ ಇಲ್ಲ, ಅದೇ ಸಾಕ್ಷಿ ಅಂತಾರೆ. ಹೌದು, ಕಿಟಕಿಯಲ್ಲಿ ತೆನೆ ಇಟ್ಟು ಬರುತ್ತಾರೆ. ಅದರ ಮೇಲೆ ‘ಅಮ್ಮನಿಗೆ’ ಅಂತ ಗೀಚಿದೆ. ಅಷ್ಟಕ್ಕೇ ಸಿನಿಮಾ ಮುಗಿಯುವುದಿಲ್ಲ.

ನಾವು ಯಾವಾಗಲೂ ಹೆಸರುಗಳು ಬರಲು ಶುರುವಾದ ಕೂಡಲೇ ಟಿವಿ ಆಫ್ ಮಾಡುತ್ತಿದ್ದೆವು. ಇವತ್ತು ಸಂಜೆ ಮಾಡಲಿಲ್ಲ. ಅಮ್ಮ ಮನೆಗೆ ಬಂದಿಳಿಯುವ ಚಿತ್ರ ಬಂತು. ಮಗಳು ಟಿವಿ ಹತ್ತಿರ ಹೋಗಿ, ಬೆರಳಿಟ್ಟು, "ಇಬ್ಬರೂ ಇದ್ದಾರೆ" ಅಂದಳು.