ಕೊಟ್ಟೆ ಕಡುಬು ಹುಡುಕಿದರೆ ಸಿಗಲಿಲ್ಲ

ಹೋದ ವರ್ಷ ಅಷ್ಟಮಿಗೆ ನಾಲ್ಕು ದಿನ ಇರುವಾಗ ಉಡುಪಿಯಿಂದ ಚಿಕ್ಕಮ್ಮ ಫೋನ್ ಮಾಡಿದರು. "ಎಂತದಾ ಇದು? ಬರೆದದ್ದು ಎದುರೇ ಉಂಟು, ಹುಡುಕಿದ್ರೆ ಇಲ್ಲ ಅಂತ ಹೇಳ್ತದೆ."

ಚಿಕ್ಕಮ್ಮ ಹದಿನೈದು ವರ್ಷದ ಹಿಂದೆ ನುಡಿ ಎಂಬ ಹಳೆಯ ಕನ್ನಡ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಅಡುಗೆಗಳನ್ನೆಲ್ಲ ಬರೆದಿಟ್ಟಿದ್ದರು. ಅದನ್ನು ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಜಾಗತಿಕ ಪಟ್ಟಿಯಾದ ಯೂನಿಕೋಡ್‌ಗೆ ಬದಲಾಯಿಸಿ ಫೋನಿನ ಒಂದು ನೋಟ್ಸ್ ಆ್ಯಪ್‌ಗೆ ಹಾಕಿಕೊಟ್ಟವನು ನಾನೇ. ಆ ಆ್ಯಪ್ ಓಪನ್ ಸೋರ್ಸ್. ದುಡ್ಡು ಕೊಡಬೇಕಾಗಿಲ್ಲ, ಜಾಹೀರಾತಿಲ್ಲ, ಅದರ ಕೋಡ್ ಯಾರು ಬೇಕಾದರೂ ಓದಬಹುದು. ಈಗ ಅದರಲ್ಲಿ 'ಕೊಟ್ಟೆ ಕಡುಬು' ಅಂತ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಕೈಯಲ್ಲಿ ಸರಿಸುತ್ತಾ ಹೋದರೆ ಅದೇ ಹೆಸರು ಕಣ್ಣೆದುರು ಇತ್ತು.

ಆ ಭಾನುವಾರ ಉಡುಪಿಗೆ ಹೋದೆ. ಹೊರಗೆ ಜೋರು ಮಳೆ. ಚಿಕ್ಕಮ್ಮ ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತೆ. ತಂಬುಳಿ ಹುಡುಕಿದೆ, ಸಿಕ್ಕಿತು. ಮೆಣಸ್ಕಾಯಿ, ಸಿಕ್ಕಿತು. ಪತ್ರೊಡೆ ಇಲ್ಲ. ಕೋಸಂಬರಿ ಇಲ್ಲ. ಇಡ್ಲಿ ಇದೆ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು. 'ಒ' ಅಥವಾ 'ಓ' ಸ್ವರ ಸೇರಿದ ಪದ ಮಾತ್ರ ಸಿಗುತ್ತಿಲ್ಲ.

ವಿಷಯ ಇಷ್ಟೇ. ಕಂಪ್ಯೂಟರ್ ಒಳಗೆ 'ಕೊ' ಬರೆಯಲು ಎರಡು ದಾರಿ ಇದೆ. 'ಕ' ಆದ ಮೇಲೆ ಒತ್ವದ ಒಂದೇ ಚಿಹ್ನೆ ಹಾಕುವುದು ಒಂದು ದಾರಿ. ಮೊದಲು ಎತ್ವ, ಅದರ ಹಿಂದೆ ಊತ್ವ ಹಾಕುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಿ ಬರೆಯುವ ಕ್ರಮ ಇತ್ತು. ನಾನು ಬಳಸಿದ ಪರಿವರ್ತಕ ಆ ತುಂಡುಗಳನ್ನು ಹಾಗೇ ತಂದು ಹಾಕಿತ್ತು. ಫೋನಿನ ಕೀಲಿಮಣೆ ಮಾತ್ರ ಒಂದೇ ಚಿಹ್ನೆ ಕೊಡುತ್ತದೆ. ನಮ್ಮ ಕಣ್ಣಿಗೆ ಎರಡೂ ಕೊಟ್ಟೆ, ಯಂತ್ರಕ್ಕೆ ಎರಡೂ ಬೇರೆ ಬೇರೆ ಪದ.

ಇದಕ್ಕೆ ಯೂನಿಕೋಡ್‌ನಲ್ಲೇ ಮದ್ದಿದೆ. ನಾರ್ಮಲೈಸೇಶನ್ ಅಂತ ಹೆಸರು. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರುವುದು. ಕೋಡ್‌ನಲ್ಲಿ ಒಂದು ಸಾಲಿನ ಕೆಲಸ. ಅದೇ ರಾತ್ರಿ ಬರೆದು ಕಳಿಸಿದೆ.

ಎರಡು ದಿನದ ಮೇಲೆ ಆ ಪ್ರಾಜೆಕ್ಟ್ ನೋಡಿಕೊಳ್ಳುವವರು ಉತ್ತರಿಸಿದರು. ಮೊದಲು ಥ್ಯಾಂಕ್ಸ್. ಆಮೇಲೆ ಒಂದು ಪ್ರಶ್ನೆ. ಪಠ್ಯವನ್ನು ಹೀಗೆ ಬದಲಾಯಿಸಿದರೆ ಅದರ ಉದ್ದವೂ ಬದಲಾಗುತ್ತದೆ, ಅಲ್ವಾ? ಹಾಗಾದರೆ ಸಿಕ್ಕ ಪದಕ್ಕೆ ಹಳದಿ ಬಣ್ಣ ಹಚ್ಚುವಾಗ ಜಾಗ ತಪ್ಪುವುದಿಲ್ಲವಾ? ಪರೀಕ್ಷಿಸಿ ನೋಡಿದೆ. ಅವರು ಹೇಳಿದ್ದು ಸರಿ. ಒಂದೊಂದು 'ಕೊ' ಬಂದಾಗಲೂ ಬಣ್ಣ ಒಂದು ಅಕ್ಷರ ಜಾರುತ್ತಿತ್ತು. ಪುಟದ ಕೊನೆಗೆ ಬರುವಾಗ ಕೊಟ್ಟೆ ಕಡುಬಿನ ಬದಲು ಪಕ್ಕದ ಉದ್ದಿನಬೇಳೆಗೆ ಹಳದಿ ಬಿದ್ದಿತ್ತು.

ಅದನ್ನು ಸರಿ ಮಾಡಲು ಮೂರು ವಾರ ಹಿಡಿಯಿತು. ಕಂಪನಿ ಕೆಲಸ ಮುಗಿಸಿ ಮಂಗಳೂರು ಕೊಟ್ಟಾರದ ರೂಮಿಗೆ ಬಂದು ರಾತ್ರಿ ಒಂದು ಗಂಟೆ ಕೂರುತ್ತಿದ್ದೆ. ಕರೆಂಟ್ ಇದ್ದ ದಿನ ಮಾತ್ರ. ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ಲೆಕ್ಕ ಇಡುವ ಕೋಡ್ ಬರೆದೆ. ಕನ್ನಡದ ಹನ್ನೆರಡು ಪದ ಇಟ್ಟು ಟೆಸ್ಟ್ ಬರೆದೆ. ಅವರು ಮತ್ತೆರಡು ಸಲ ತಿದ್ದಿಸಿದರು. ಕೊನೆಗೆ ಸೇರಿಸಿಕೊಂಡರು. ಒಂದು ತಿಂಗಳ ನಂತರ ವಿಯೆಟ್ನಾಂನ ಒಬ್ಬರು ಅಲ್ಲೇ ಕೆಳಗೆ ಬರೆದಿದ್ದರು: ತಮ್ಮ ಭಾಷೆಯ ಸ್ವರಚಿಹ್ನೆಗಳಿಗೂ ಇದೇ ತೊಂದರೆ ಇತ್ತು, ಈಗ ಹುಡುಕಿದರೆ ಸಿಗುತ್ತದೆ. ಓದಿ ತುಂಬಾ ಖುಷಿಯಾಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ.

ಇಷ್ಟು ಬರೆಯಲು ಕಾರಣ ಇದೆ. ಮೊನ್ನೆ ನಮ್ಮ ಪಕ್ಕದ ಮನೆಯ ಹುಡುಗ ಫೋನ್ ಮಾಡಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. "ಅಣ್ಣಾ, ಕಾಲೇಜಲ್ಲಿ ಸರ್ಟಿಫಿಕೇಟಿಗೆ ನಾಲ್ಕು ಪಿಆರ್ ತೋರಿಸ್ಬೇಕಂತೆ. ನಿಮ್ಮ ಹತ್ರ ಯಾವುದಾದ್ರೂ ಸುಲಭದ ರಿಪೋ ಉಂಟಾ?" ರಿಪೋ ಅಂದರೆ ಒಂದು ಪ್ರಾಜೆಕ್ಟಿನ ಕೋಡ್ ಇಟ್ಟಿರುವ ಜಾಗ. ಪಿಆರ್ ಅಂದರೆ ಪುಲ್ ರಿಕ್ವೆಸ್ಟ್. ನಾನು ಹೀಗೆ ತಿದ್ದಿದ್ದೇನೆ, ನೋಡಿ ಸೇರಿಸಿಕೊಳ್ಳಿ ಅಂತ ಕೇಳುವುದು. ಅವನ ಮೇಲೆ ನನಗೆ ಸ್ವಲ್ಪವೂ ಕೋಪ ಇಲ್ಲ. ಒಳ್ಳೆಯ ಹುಡುಗ, ಕಲಿಯುವ ಆಸೆ ಇದೆ. ಆದರೆ ಓಪನ್ ಸೋರ್ಸ್ ಅಂದರೆ ನಾಲ್ಕು ಪಿಆರ್ ಅಂತ ಅವನ ತಲೆಗೆ ತುಂಬಿದವರ ಬಗ್ಗೆ ನನಗೆ ಬೇಸರ ಇದೆ.

ಹೀಗೆ ಆಗುವುದು ಹೊಸತಲ್ಲ. 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಯುತ್ತದೆ, ಓಪನ್ ಸೋರ್ಸ್‌ಗೆ ಕೊಡುಗೆ ಕೊಡಿ ಅಂತ ಹುರಿದುಂಬಿಸುವ ಆನ್‌ಲೈನ್ ಅಭಿಯಾನ ಅದು. 2020ರಲ್ಲಿ ನಾಲ್ಕು ಪಿಆರ್ ಕಳಿಸಿದರೆ ಟಿ-ಶರ್ಟ್ ಅಂತ ಇತ್ತು. ಒಂದು ಪದ ಸೇರಿಸುವುದು, ಒಂದು ಖಾಲಿ ಜಾಗ ಅಳಿಸುವುದು, ಇಂಥವೇ ರಾಶಿ ರಾಶಿ ಬಂದು ಬಿದ್ದವು. ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಾಯಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ನ ರೀಡ್‌ಮಿ ಎಂಬ ಪರಿಚಯದ ಫೈಲ್‌ಗೆ ತಮ್ಮ ಹೆಸರು ಸೇರಿಸಿ ಎನ್ನುವ ಪಿಆರ್‌ಗಳು ಸಾಲುಗಟ್ಟಿ ಬಂದವು. ಕಲಿಸುವ ಒಂದು ವಿಡಿಯೊ ನೋಡಿ ಹಾಗೇ ಮಾಡಿದವರು ಅವರು. ಅನೇಕರು ನಮ್ಮ ದೇಶದ ವಿದ್ಯಾರ್ಥಿಗಳು. ಒಂದೊಂದನ್ನೂ ತೆರೆದು, ನೋಡಿ, ಮುಚ್ಚಲು ಆ ಕಡೆ ಒಬ್ಬ ಮನುಷ್ಯ ಕೂರಬೇಕು. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಆ ಮನುಷ್ಯನಿಗೆ ಸಂಬಳ ಇಲ್ಲ.

ನನಗೆ ಹೇಳಬೇಕಾದ್ದು ಇದೇ. ನಮ್ಮ ಕೊಡುಗೆಯಿಂದ ಆ ಮನುಷ್ಯನ ಕೆಲಸ ಕಮ್ಮಿ ಆಗಬೇಕು. ಜಾಸ್ತಿ ಆದರೆ ಅದಕ್ಕೆ ಕೊಡುಗೆ ಅಂತ ಹೆಸರಿಡುವುದು ಸರಿಯಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಹೋದವರು ಮೊದಲು ಅಡುಗೆ ಭಟ್ಟರ ಹತ್ತಿರ ಕೇಳುತ್ತಾರೆ, ಎಷ್ಟು ದೊಡ್ಡ ಹೋಳು ಬೇಕು ಅಂತ. ಸಾಂಬಾರಿಗೆ ಒಂದು ಗಾತ್ರ, ಪಲ್ಯಕ್ಕೆ ಇನ್ನೊಂದು. ಕೇಳದೆ ಒಂದು ಗೋಣಿ ಸೌತೆಕಾಯಿ ಹೆಚ್ಚಿಟ್ಟರೆ ಭಟ್ಟರು ಅದನ್ನು ಏನು ಮಾಡಬೇಕು? ಪ್ರಾಜೆಕ್ಟ್‌ಗಳಲ್ಲಿ 'ಕಾಂಟ್ರಿಬ್ಯೂಟಿಂಗ್' ಅಂತ ಒಂದು ಫೈಲ್ ಇರುತ್ತದೆ. ಹೋಳಿನ ಗಾತ್ರ ಅದರಲ್ಲಿ ಬರೆದಿರುತ್ತದೆ. ಹತ್ತು ನಿಮಿಷ ಓದಿದರೆ ಸಾಕು.

ಆ ಕಡೆಯ ಮನುಷ್ಯ ಒಬ್ಬನೇ ಆದರೆ ಏನಾಗುತ್ತದೆ ಅಂತಲೂ ಜಗತ್ತು ನೋಡಿದೆ. ಎಕ್ಸ್‌ಝಡ್ ಎಂಬ, ಫೈಲ್‌ಗಳನ್ನು ಕುಗ್ಗಿಸುವ ಸಣ್ಣ ಸಾಧನವನ್ನು ವರ್ಷಗಟ್ಟಲೆ ಲಾಸೆ ಕೊಲಿನ್ ಎಂಬ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು. ಯಾರ್ಯಾರೋ ಬಂದು ಯಾಕೆ ತಡ, ಯಾಕೆ ತಡ ಅಂತ ಒತ್ತಡ ಹಾಕಿದರು. ಸಹಾಯಕ್ಕೆ ಅಂತ ಬಂದು ನಂಬಿಕೆ ಗಳಿಸಿದ ಒಬ್ಬ, ಅದರೊಳಗೆ ಕಳ್ಳದಾರಿ ಸೇರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಕಂಪ್ಯೂಟರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ವಿಂಡೋಸ್ ಬದಲು ಲಿನಕ್ಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆ ಬಳಸುವ ಎಷ್ಟೋ ಸರ್ವರ್‌ಗಳಿಗೆ ಹೋಗಲಿದ್ದ ಅಪಾಯ ತಪ್ಪಿತು. ಆ ದಣಿದ ಮನುಷ್ಯನ ಜತೆ ನಿಜವಾಗಿ ಕೆಲಸ ಹಂಚಿಕೊಳ್ಳುವ ಇಬ್ಬರು ಇದ್ದಿದ್ದರೆ ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಿಂದ. ಎಲ್ಲಿ ಕೈಕೊಟ್ಟಿತೋ ಅಲ್ಲಿಂದ. ನಮಗಂತೂ ಕೆಲಸಕ್ಕೆ ಬರ ಇಲ್ಲ, ಯಾಕೆಂದರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವ ನಾವು ಬಳಸುವಾಗ ಎದುರಾಗುವ ತೊಂದರೆ ಬರ್ಲಿನ್‌ನಲ್ಲಿ ಕೂತವರಿಗೆ ಕನಸಲ್ಲೂ ಬರುವುದಿಲ್ಲ. ಅವರು ಬೇಕಂತ ಬಿಟ್ಟದ್ದಲ್ಲ. ಹೇಳುವವರು ಯಾರೂ ಹೋಗಲಿಲ್ಲ, ಅಷ್ಟೇ.

ಹಳಗನ್ನಡದ ೞ ಅಕ್ಷರ ನೋಡಿದ್ದೀರಾ? ಈಗ ನಾವು ಮಳೆ ಅನ್ನುವುದನ್ನು ಹಿಂದೆ ಮೞೆ ಅಂತ ಬರೆಯುತ್ತಿದ್ದರು. ಯೂನಿಕೋಡ್ ಪಟ್ಟಿಯಲ್ಲಿ ಇದರ ಅಧಿಕೃತ ಹೆಸರು ಏನು ಗೊತ್ತಾ? 'ಕನ್ನಡ ಲೆಟರ್ ಫ'. ಫಕ್ಕೂ ಇದಕ್ಕೂ ಏನು ಸಂಬಂಧ? ಒಮ್ಮೆ ಕೊಟ್ಟ ಹೆಸರು ಬದಲಾಯಿಸುವಂತಿಲ್ಲ ಅಂತ ಯೂನಿಕೋಡ್‌ನ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದಿದೆ, ಸರಿಯಾದದ್ದು ಇನ್ನೊಂದು ಹೆಸರಾಗಿ ಪಕ್ಕದಲ್ಲಿ ಸೇರಿದೆ. ಹೆಸರಿಡುವ ಹೊತ್ತಿಗೆ ಹಳಗನ್ನಡ ಓದಿದ ಒಬ್ಬರು ಆ ಪಟ್ಟಿ ನೋಡಿದ್ದರೆ ಒಂದು ನಿಮಿಷದ ಕೆಲಸ ಆಗಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮವರು ಮಾಡಿದ ಕೆಲಸವೂ ಕಣ್ಣೆದುರು ಇದೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಆರಿಸಿದರೆ 'ಕಗಪ' ಅಂತ ಒಂದು ವಿನ್ಯಾಸ ಸಿಗುತ್ತದೆ. ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು ಅದು. ಅದು ತಾನಾಗಿ ಲಿನಕ್ಸ್ ಒಳಗೆ ಬಂದು ಕೂತಿಲ್ಲ. ಯಾರೋ ಒಬ್ಬರು ಪ್ರತಿ ಕೀಲಿಗೂ ಅಕ್ಷರ ಹೊಂದಿಸಿ, ಫೈಲ್ ಬರೆದು ಕಳಿಸಿದ್ದಾರೆ. ಈ ಪೋಸ್ಟನ್ನು ನಾನು ಅದರಲ್ಲೇ ಟೈಪ್ ಮಾಡುತ್ತಿದ್ದೇನೆ. ತುಳು ವಿಕಿಪೀಡಿಯ 2016ರಲ್ಲಿ ಬಂತು. ಅದಕ್ಕಿಂತ ಮೊದಲು ವರ್ಷಗಟ್ಟಲೆ ಲೇಖನ ಬರೆದವರಿದ್ದಾರೆ. ಗುಂಡಿಗಳ, ಮೆನುಗಳ ಹೆಸರನ್ನು ಒಂದೊಂದಾಗಿ ತುಳುವಿಗೆ ತಂದವರಿದ್ದಾರೆ. ಅದರಲ್ಲಿ ಕೋಡ್ ಬರೆಯಲು ಬಾರದವರೂ ಇದ್ದಾರೆ.

ಇನ್ನೂ ಬಾಕಿ ಇರುವುದು ಬೇಕಾದಷ್ಟು. ತುಳು-ತಿಗಳಾರಿ ಲಿಪಿಯ 80 ಅಕ್ಷರಗಳು 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ಸೇರಿದವು. ಅಲ್ಲಿಗೆ ಕೆಲಸ ಶುರುವಾಯಿತು ಅಷ್ಟೇ. ಒಳ್ಳೆಯ ಫಾಂಟ್ ಬೇಕು, ಕೀಲಿಮಣೆ ಬೇಕು, ಒತ್ತಕ್ಷರ ಸರಿಯಾಗಿ ಮೂಡುತ್ತದಾ ಅಂತ ತಾಳೆಗರಿ ಓದಬಲ್ಲವರು ಕೂತು ನೋಡಬೇಕು. ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆಆಫೀಸ್‌ನ ಅನುವಾದ ವೆಬ್‌ಲೇಟ್‌ನಲ್ಲಿ, ಫೈರ್‌ಫಾಕ್ಸ್‌ನ ಅನುವಾದ ಪಾಂಟೂನ್‌ನಲ್ಲಿ ನಡೆಯುತ್ತದೆ. ವೆಬ್‌ಲೇಟ್, ಪಾಂಟೂನ್ ಎರಡೂ ಅನುವಾದ ಮಾಡುವ ವೆಬ್‌ಸೈಟ್. ಬ್ರೌಸರ್ ತೆರೆದರೆ ಸಾಕು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರಬೇಕಾಗಿಲ್ಲ. ಅನುವಾದ ಮಾಡುವಾಗ ಫೈಲ್ ಅನ್ನು ಫೈಲ್ ಅಂತಲೇ ಬರೆಯಿರಿ ಅಂತ ನನ್ನ ಆಸೆ. ಚಿಕ್ಕಮ್ಮನಿಗೆ ಕಡತ ಅಂದರೆ ತಾಲೂಕು ಆಫೀಸೇ ನೆನಪಾಗುವುದು.

ಪಕ್ಕದ ಮನೆಯ ಹುಡುಗನಿಗೆ ನಾನು ರಿಪೋ ಕೊಡಲಿಲ್ಲ. ನಿನ್ನ ಫೋನಲ್ಲಿ ಕನ್ನಡ ಎಲ್ಲಿ ತೊಂದರೆ ಕೊಡ್ತದೆ ಅಂತ ಒಂದು ವಾರ ನೋಡು ಅಂದೆ. ನಾಲ್ಕನೇ ದಿನ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಒಂದು ಓಪನ್ ಸೋರ್ಸ್ ಮ್ಯೂಸಿಕ್ ಪ್ಲೇಯರ್‌ನಲ್ಲಿ ಯಕ್ಷಗಾನ ಪದಗಳ ಹೆಸರು ಉದ್ದ ಆದರೆ ಕೊನೆಯ ಒತ್ತಕ್ಷರ ಅರ್ಧಕ್ಕೆ ತುಂಡಾಗಿ, ಬರೀ ಅರ್ಧಾಕ್ಷರ ಉಳಿಯುತ್ತಿತ್ತು. ಇಬ್ಬರೂ ಕೂತು ಇಶ್ಯೂ, ಅಂದರೆ ತೊಂದರೆ ತಿಳಿಸುವ ದೂರು, ಬರೆದೆವು. ಯಾವ ಫೋನ್, ಯಾವ ಆವೃತ್ತಿ, ಏನು ಮಾಡಿದಾಗ ಆಯಿತು, ಹೇಗಿರಬೇಕಿತ್ತು, ಎಲ್ಲಾ. ಅದಕ್ಕಿಂತ ಮೊದಲು ಬೇರೆ ಯಾರಾದರೂ ಬರೆದಿದ್ದಾರಾ ಅಂತ ಹಳೆಯ ಇಶ್ಯೂಗಳನ್ನು ಅರ್ಧ ಗಂಟೆ ಹುಡುಕಿದ, ನಾನು ಹೇಳದೆಯೇ. ಅದು ಪಿಆರ್ ಅಲ್ಲ, ಹಾಗಾಗಿ ಅವನ ಸರ್ಟಿಫಿಕೇಟಿಗೆ ಲೆಕ್ಕಕ್ಕಿಲ್ಲ. ಉತ್ತರ ಇನ್ನೂ ಬಂದಿಲ್ಲ. ದಿನಾ ಸಂಜೆ ನೋಡುತ್ತಾನೆ.

ಬರುವ ತಿಂಗಳಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಉಡುಪಿಯಲ್ಲಿ ಚಿಕ್ಕಮ್ಮನ ಮನೆ ಜಗುಲಿಯಲ್ಲಿ ನಾನೂ ಆ ಹುಡುಗನೂ ಇರುತ್ತೇವೆ. ಬರುವವರು ಮೆಸೇಜ್ ಮಾಡಿ, ದಾರಿ ಹೇಳುತ್ತೇನೆ. ಲ್ಯಾಪ್‌ಟಾಪ್ ಇಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಫೋನಲ್ಲಿ ಕನ್ನಡವೋ ತುಳುವೋ ಎಡವಿದ ಒಂದು ಸ್ಕ್ರೀನ್‌ಶಾಟ್ ತನ್ನಿ.