ಗಾಂಜಾ ಕಾನೂನು ಜನಮತಕ್ಕೆ ಬಿಡುವ ವಿಷಯವೇ?

2020ರ ಅಕ್ಟೋಬರ್ 17ರಂದು ನ್ಯೂಜಿಲೆಂಡಿನ ಮತದಾರರು ಸಂಸತ್ತನ್ನು ಆರಿಸುವುದರ ಜೊತೆಗೆ ಎರಡು ಜನಮತಗಣನೆಗಳಲ್ಲೂ ಮತ ಹಾಕಿದರು. ದಯಾಮರಣದ ಕಾಯ್ದೆಗೆ ಶೇ 65.1ರಷ್ಟು ಒಪ್ಪಿಗೆ ಸಿಕ್ಕಿತು. ಗಾಂಜಾವನ್ನು ಕಾನೂನುಬದ್ಧಗೊಳಿಸಿ ನಿಯಂತ್ರಿಸುವ ಮಸೂದೆ ಮಾತ್ರ ಶೇ 50.7ಕ್ಕೆ ಎದುರಾಗಿ ಶೇ 48.4 ಮತ ಪಡೆದು ಸೋತಿತು. ಸುಮಾರು 29 ಲಕ್ಷ ಮತಗಳಲ್ಲಿ ಅಂತರ 67,662. ಇಂಥ ಕಾನೂನನ್ನು ನೇರವಾಗಿ ಜನರ ಮುಂದಿಡುವುದು ಸರಿಯೇ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳಿವೆ.

ಪರ: ಶಾಸಕರು ಮುಟ್ಟದ್ದನ್ನು ಜನ ಮುಟ್ಟುತ್ತಾರೆ

ಗಾಂಜಾದ ವಿಷಯದಲ್ಲಿ ಚುನಾಯಿತ ಪ್ರತಿನಿಧಿಗಳಿಗೆ ಇರುವ ಅಂಜಿಕೆ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯದು. ಬದಲಾವಣೆಯನ್ನು ಬೆಂಬಲಿಸಿದರೆ 'ಮಾದಕ ವಸ್ತುವಿನ ಪರ' ಎಂಬ ಹಣೆಪಟ್ಟಿ ಬೀಳುತ್ತದೆ. ಸುಮ್ಮನಿದ್ದರೆ ಕಳೆದುಕೊಳ್ಳುವುದೇನೂ ಇರುವುದಿಲ್ಲ. ನ್ಯೂಜಿಲೆಂಡಿನ ಮಾದಕ ವಸ್ತು ದುರುಪಯೋಗ ಕಾಯ್ದೆ 1975ರದು. ಅದರ ಬುಡವನ್ನೇ ಪ್ರಶ್ನಿಸುವ ಸಂದರ್ಭ ಬಂದದ್ದು, 2017ರಲ್ಲಿ ಲೇಬರ್ ಪಕ್ಷ ಸರ್ಕಾರ ರಚಿಸಲು ಗ್ರೀನ್ ಪಕ್ಷದ ಬೆಂಬಲ ಪಡೆಯುವಾಗ ಮಾಡಿಕೊಂಡ ಒಪ್ಪಂದದಲ್ಲಿ ಜನಮತಗಣನೆಯ ಷರತ್ತು ಸೇರಿದ್ದರಿಂದ. ಆ ಷರತ್ತು ಇಲ್ಲದಿದ್ದರೆ ಕರಡು ಮಸೂದೆಯೊಂದು ಸಾರ್ವಜನಿಕರ ಕೈಗೆ ಬರುತ್ತಿತ್ತೆಂದು ನಂಬುವುದು ಕಷ್ಟ.

ಆ ಕರಡು ಜಾಳುಜಾಳಾಗಿಯೂ ಇರಲಿಲ್ಲ. ಖರೀದಿಗೆ ಕನಿಷ್ಠ ವಯಸ್ಸು 20. ದಿನಕ್ಕೆ ಒಬ್ಬರಿಗೆ 14 ಗ್ರಾಂ ಒಣ ಗಾಂಜಾದ ಮಿತಿ. ಮನೆಯಲ್ಲಿ ತಲಾ ಎರಡು ಗಿಡ, ಮನೆಯೊಂದಕ್ಕೆ ಹೆಚ್ಚೆಂದರೆ ನಾಲ್ಕು. ಮಾರಾಟ ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾತ್ರ. ಜಾಹೀರಾತಿಗೂ ಆನ್‌ಲೈನ್ ಮಾರಾಟಕ್ಕೂ ನಿಷೇಧ. ಅಮಲು ತರುವ ಟಿಎಚ್‌ಸಿ ಅಂಶಕ್ಕೆ ಶೇ 15ರ ಮೇಲ್ಮಿತಿ. ಇದಿಷ್ಟೂ ಮತದಾನಕ್ಕೆ ತಿಂಗಳುಗಳ ಮೊದಲೇ ಪ್ರಕಟವಾಗಿತ್ತು. ಓದುವ ಮನಸ್ಸಿದ್ದವರಿಗೆ ಓದಲು ಬಿಡುವೂ ಇತ್ತು.

ಇಷ್ಟು ಸೂಕ್ಷ್ಮಗಳನ್ನು ಸಾಮಾನ್ಯ ಮತದಾರ ಗಮನಿಸುವುದಿಲ್ಲ ಎನ್ನುವವರು ಅಮೆರಿಕದ ಒಹಾಯೊ ರಾಜ್ಯವನ್ನು ನೋಡಬೇಕು. 2015ರಲ್ಲಿ ಅಲ್ಲಿ ಮತಕ್ಕೆ ಬಂದ, ಗಾಂಜಾವನ್ನು ಕಾನೂನುಬದ್ಧಗೊಳಿಸುವ ರಾಜ್ಯ ಸಂವಿಧಾನದ ತಿದ್ದುಪಡಿ, ವಾಣಿಜ್ಯ ಬೆಳೆಯ ಹಕ್ಕನ್ನು ಮೊದಲೇ ಗುರುತಿಸಿದ ಹತ್ತು ಜಾಗಗಳಿಗೆ ಮೀಸಲಿಟ್ಟಿತ್ತು. ಆ ಜಾಗಗಳ ಹಿಂದಿದ್ದ ಹೂಡಿಕೆದಾರರೇ ಪ್ರಚಾರದ ಖರ್ಚನ್ನೂ ಹೊತ್ತಿದ್ದರು. ಗಾಂಜಾದ ಬಗ್ಗೆ ತಕರಾರಿಲ್ಲದ ಅನೇಕರೂ ಆ ಏಕಸ್ವಾಮ್ಯವನ್ನು ವಿರೋಧಿಸಿದರು; ತಿದ್ದುಪಡಿ ಹೀನಾಯವಾಗಿ ಸೋತಿತು. 2023ರಲ್ಲಿ ಬೇರೆ ಸ್ವರೂಪದ ಪ್ರಸ್ತಾಪ ಬಂದಾಗ ಅದೇ ರಾಜ್ಯ ಶೇ 57ರಷ್ಟು ಮತಗಳಿಂದ ಅದನ್ನು ಒಪ್ಪಿತು. ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಉದ್ದದ್ದು: 1972ರಲ್ಲಿ ಸೋಲು, 1996ರಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆ, 2010ರಲ್ಲಿ ಮತ್ತೆ ಸೋಲು, 2016ರಲ್ಲಿ ಶೇ 57ರ ಗೆಲುವು. ನಲವತ್ತನಾಲ್ಕು ವರ್ಷಗಳ ಈ ನಡಿಗೆಯಲ್ಲಿ ಪ್ರತಿಯೊಂದು ಸೋಲೂ ಮುಂದಿನ ಕರಡನ್ನು ತಿದ್ದಿದೆ.

ನ್ಯೂಜಿಲೆಂಡಿನ ಪ್ರಚಾರದ ತಿಂಗಳುಗಳಲ್ಲಿ ಮಾಧ್ಯಮಗಳು ಯಾರು ಮುಂದೆ, ಯಾರು ಹಿಂದೆ ಎಂಬ ಪಂದ್ಯದ ವೀಕ್ಷಕ ವಿವರಣೆಯನ್ನಷ್ಟೇ ಕೊಟ್ಟವು ಎಂಬ ದೂರಿದೆ; ಅದರಲ್ಲಿ ಸತ್ಯಾಂಶವೂ ಇದೆ. ಆದರೂ, ಆ ತಿಂಗಳುಗಳಲ್ಲಿ ಡುನೆಡಿನ್ ಮತ್ತು ಕ್ರೈಸ್ಟ್‌ಚರ್ಚ್ ನಗರಗಳ ದೀರ್ಘಕಾಲೀನ ಅಧ್ಯಯನಗಳು, ಅಂದರೆ 1970ರ ದಶಕದಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಲಾ ಒಂದೊಂದು ತಂಡವಾಗಿ ದಶಕಗಳಿಂದ ಹಿಂಬಾಲಿಸಿಕೊಂಡು ಬಂದ ಸಂಶೋಧನೆಗಳು, ತಜ್ಞರ ಕೊಠಡಿಯಿಂದ ಊಟದ ಮೇಜಿಗೆ ಬಂದವು. ಜನಮತಗಣನೆ ಇಲ್ಲದಿದ್ದರೆ ಅವುಗಳ ಹೆಸರನ್ನು ಎಷ್ಟು ಮನೆಗಳು ಕೇಳುತ್ತಿದ್ದವು?

ವಿರೋಧ: ಒಂದು ಗೆರೆಯಲ್ಲಿ ಹಿಡಿಸದ ಕಾನೂನು

ಮೇಲೆ ಪಟ್ಟಿ ಮಾಡಿದ ಅಂಶಗಳಲ್ಲಿ ಯಾವುದೂ ಮತಪತ್ರದಲ್ಲಿ ಇರಲಿಲ್ಲ. ಅಲ್ಲಿದ್ದ ಪ್ರಶ್ನೆ, ಪ್ರಸ್ತಾವಿತ ಮಸೂದೆಯನ್ನು ನೀವು ಬೆಂಬಲಿಸುತ್ತೀರಾ ಎಂಬುದೊಂದೇ. ಉತ್ತರ ಹೌದು ಅಥವಾ ಇಲ್ಲ. ವಯಸ್ಸಿನ ಮಿತಿ ಸರಿ, ಅಂಗಡಿ ಬೇಡ ಎನ್ನುವವರಿಗೂ, ಗಿಡ ಬೆಳೆಸಿಕೊಳ್ಳಲಿ, ವ್ಯಾಪಾರ ಬೇಡ ಎನ್ನುವವರಿಗೂ ಆ ಕಾಗದದಲ್ಲಿ ಜಾಗವಿರಲಿಲ್ಲ. ನಮ್ಮಲ್ಲಿ ಭಂಗಿ ಬೇರೆ, ಗಾಂಜಾ ಬೇರೆ ಎಂಬ ವ್ಯತ್ಯಾಸ ಆಡುಮಾತಿಗೂ ಗೊತ್ತು; ಭಾರತದ 1985ರ ಮಾದಕ ವಸ್ತು ಕಾಯ್ದೆ ಕೂಡ ಹೂಗೊಂಚಲನ್ನು ಗಾಂಜಾ ಎಂದು ಹಿಡಿದು, ಗೊಂಚಲಿನ ಜೊತೆಗಿಲ್ಲದ ಬೀಜವನ್ನೂ ಎಲೆಯನ್ನೂ ಆ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಇಂಥ ಭೇದಗಳನ್ನು ಬಿಡಿಸಿಡುವುದು ಕಾನೂನಿನ ಭಾಷೆಗೆ ಸಾಧ್ಯ, ಹೌದು-ಇಲ್ಲದ ಚೌಕಕ್ಕೆ ಸಾಧ್ಯವಿಲ್ಲ.

ಪ್ರಶ್ನೆ ಚೌಕವಾದ ಮೇಲೆ ಮಾಧ್ಯಮವೂ ಚೌಕದ ಭಾಷೆಯನ್ನೇ ಆಡುತ್ತದೆ. ಸಮೀಕ್ಷೆಗಳ ಏರಿಳಿತವೇ ಸುದ್ದಿಯಾಗುತ್ತದೆ. ಪ್ರಧಾನಿ ಜಸಿಂಡಾ ಆರ್ಡರ್ನ್ ತಾವು ಯಾವ ಕಡೆ ಎಂಬುದನ್ನು ಚುನಾವಣೆ ಮುಗಿಯುವವರೆಗೂ ಹೇಳಲಿಲ್ಲ. ಪರವಾಗಿ ಮತ ಹಾಕಿದ್ದು ತಿಳಿದದ್ದು ಆಮೇಲೆ. ಅದಕ್ಕೆ ಮೊದಲು, ಟಿವಿ ಚರ್ಚೆಯೊಂದರಲ್ಲಿ ನೀವು ಎಂದಾದರೂ ಗಾಂಜಾ ಬಳಸಿದ್ದೀರಾ ಎಂದು ಕೇಳಿದಾಗ, ಬಹಳ ಹಿಂದೆ ಬಳಸಿದ್ದೆ ಎಂದು ಒಪ್ಪಿಕೊಂಡರು. ಅದು ದೇಶದಾಚೆಗೂ ಶೀರ್ಷಿಕೆಯಾಯಿತು. ಟಿಎಚ್‌ಸಿಯ ಶೇ 15ರ ಮಿತಿ ಸಾಕೇ, ಹೆಚ್ಚೇ ಎಂಬ ಪ್ರಶ್ನೆಗೆ ಹಾಗೆ ದೇಶ ದಾಟುವ ಭಾಗ್ಯ ಇರುವುದಿಲ್ಲ. ನಾಯಕಿ ಮೌನವಾಗಿದ್ದುದನ್ನು ಜನರ ತೀರ್ಮಾನಕ್ಕೆ ಕೊಟ್ಟ ಗೌರವವೆಂದು ಹಲವರು ಹೊಗಳಿದ್ದಾರೆ. ನನಗೆ ಅದು ಹೊಣೆಯಿಂದ ನುಣುಚಿಕೊಂಡಂತೆಯೇ ಕಾಣುತ್ತದೆ.

ಊಟದ ಮೇಜಿಗೆ ಬಂದ ಅಧ್ಯಯನಗಳಿಗೂ ಇದೇ ಗತಿಯಾಯಿತು. ಹದಿಹರೆಯದಲ್ಲೇ ಆರಂಭವಾದ ದೀರ್ಘ ಬಳಕೆಯ ಹಾನಿಯ ಕುರಿತು ಡುನೆಡಿನ್ ಹೇಳಿದ್ದನ್ನು ವಿರೋಧಿಗಳು ಎತ್ತಿಕೊಂಡರು. ಒಂದೇ ಪ್ರಮಾಣದಲ್ಲಿ ಬಳಸಿದರೂ ದೇಶದ ಮೂಲನಿವಾಸಿಗಳಾದ ಮಾವೊರಿ ಜನರು ಬಂಧನ ಮತ್ತು ಶಿಕ್ಷೆಗೆ ಗುರಿಯಾದದ್ದು ಇತರರಿಗಿಂತ ಮೂರು ಪಟ್ಟು ಎಂದು ಕ್ರೈಸ್ಟ್‌ಚರ್ಚ್ ತೋರಿಸಿದ್ದನ್ನು ಪರ ಪಕ್ಷದವರು ಎತ್ತಿಕೊಂಡರು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಕಾನೂನು ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಪಸಂಖ್ಯಾತ ಸಮುದಾಯವೊಂದು ಪೊಲೀಸರ ಕೈಯಲ್ಲಿ ಅನುಭವಿಸುವ ಅಸಮಾನತೆಯನ್ನು ಸರಿಪಡಿಸಬೇಕೇ ಬೇಡವೇ ಎಂದು ಬಹುಸಂಖ್ಯಾತರ ಮತ ಕೇಳುವುದು ನನಗೆ ಅರ್ಥವಾಗದ ಸಂಗತಿ.

ಶಾಸಕರು ಏನನ್ನೂ ಮುಟ್ಟುವುದಿಲ್ಲ ಎಂಬ ವಾದ ನ್ಯೂಜಿಲೆಂಡಿನ ಮಟ್ಟಿಗೇ ಸುಳ್ಳಾಗುತ್ತದೆ. 2019ರಲ್ಲಿ ಅದೇ ಸಂಸತ್ತು 1975ರ ಕಾಯ್ದೆಯನ್ನು ತಿದ್ದಿ, ಸ್ವಂತ ಬಳಕೆಯ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ ಎಂದು ಪೊಲೀಸರು ತೂಗಿ ನೋಡಬೇಕೆಂದು ವಿಧಿಸಿತು. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಗಾಂಜಾದ ವ್ಯವಸ್ಥೆಯೂ ಜಾರಿಗೆ ಬಂತು. ಎರಡಕ್ಕೂ ಜನಮತಗಣನೆ ಬೇಕಾಗಲಿಲ್ಲ. ಕೆನಡಾವೂ ತಜ್ಞರ ಕಾರ್ಯಪಡೆ, ಸಂಸದೀಯ ಸಮಿತಿಗಳ ದಾರಿಯಲ್ಲೇ ಸಾಗಿ 2018ರಲ್ಲಿ ಕಾನೂನು ಜಾರಿಗೆ ತಂದಿತು. ಅದೂ, ಕಾಕತಾಳೀಯವಾಗಿ, ಅಕ್ಟೋಬರ್ 17ರಂದೇ.

ಒಹಾಯೊ ಉದಾಹರಣೆ ಒಳ್ಳೆಯದೇ, ಆದರೆ ಪಕ್ಕದಲ್ಲಿ ದಕ್ಷಿಣ ಡಕೋಟಾವನ್ನೂ ಇಡಬೇಕು. ಅಲ್ಲಿ 2020ರಲ್ಲಿ ಶೇ 54ರಷ್ಟು ಜನ ಒಪ್ಪಿದ ತಿದ್ದುಪಡಿಯನ್ನು, ಅದು ಒಂದಕ್ಕಿಂತ ಹೆಚ್ಚು ವಿಷಯಗಳನ್ನು ಬೆರೆಸಿದೆ ಎಂಬ ಕಾರಣಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ ಮರುವರ್ಷ ರದ್ದುಗೊಳಿಸಿತು. 2022ರಲ್ಲಿ ಮತ್ತೆ ಕೇಳಿದಾಗ ಜನರೇ ಬೇಡವೆಂದರು. ಇನ್ನು ಹಣ: 2024ರಲ್ಲಿ ಫ್ಲಾರಿಡಾದ ತಿದ್ದುಪಡಿಗೆ ಟ್ರುಲೀವ್ ಎಂಬ ಒಂದೇ ಗಾಂಜಾ ಕಂಪನಿ 14 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಶೇ 56ರಷ್ಟು ಮತ ಬಂದರೂ ಅಲ್ಲಿ ಬೇಕಾದದ್ದು ಶೇ 60 ಆದ್ದರಿಂದ ಅದು ಬಿದ್ದುಹೋಯಿತು.

ಸೋಲು ಮುಂದಿನ ಕರಡನ್ನು ತಿದ್ದುತ್ತದೆ ಎಂಬ ಮಾತು, ಜನರೇ ಸಹಿ ಸಂಗ್ರಹಿಸಿ ಮತ್ತೆ ಮತಕ್ಕೆ ತರಬಹುದಾದ ಕ್ಯಾಲಿಫೋರ್ನಿಯಾಕ್ಕೆ ಒಪ್ಪಬಹುದು. ನ್ಯೂಜಿಲೆಂಡಿನಲ್ಲಿ ಪ್ರಾಥಮಿಕ ಫಲಿತಾಂಶ ಬಂದ ಕೂಡಲೇ ನ್ಯಾಯ ಸಚಿವ ಆಂಡ್ರ್ಯೂ ಲಿಟ್ಲ್ ಜನ ತೀರ್ಪು ಕೊಟ್ಟಾಯಿತೆಂದು ವಿಷಯಕ್ಕೆ ತೆರೆ ಎಳೆದರು. ಆಗ ಅಂತರ ಏಳು ಶೇಕಡಾಂಶದಷ್ಟಿತ್ತು. ವಿಶೇಷ ಮತಗಳನ್ನು, ಅಂದರೆ ವಿದೇಶದಿಂದಲೋ ತಮ್ಮ ಕ್ಷೇತ್ರದ ಹೊರಗಿನಿಂದಲೋ ಹಾಕಿದಂಥವನ್ನು, ಎಣಿಸಿದ ಮೇಲೆ ಎರಡೂಕಾಲರ ಆಸುಪಾಸಿಗೆ ಇಳಿಯಿತು. ತೆರೆ ಮಾತ್ರ ಮೇಲೇಳಲಿಲ್ಲ. ಗಾಂಜಾ ಸೇದಿದವನನ್ನು ಜೈಲಿಗೆ ಹಾಕಬಾರದು, ಆದರೆ ನಮ್ಮ ಬೀದಿಯಲ್ಲಿ ಅದರ ಅಂಗಡಿಯೂ ಬೇಡ ಎಂದುಕೊಂಡು 'ಇಲ್ಲ'ಕ್ಕೆ ಗುರುತು ಹಾಕಿದ ಮತದಾರರ ಮತವನ್ನೂ ಏನನ್ನೂ ಬದಲಿಸಬೇಡಿ ಎಂಬ ಲೆಕ್ಕಕ್ಕೇ ಸೇರಿಸಲಾಯಿತು.